ಅತ್ತೆಗೆ ಹೊಡೆದವಳ ಹೆಸರು

ಗೆಳತಿಯರೇ, ನಾಳೆ ನನ್ನ ಮಗಳ ನಾಮಕರಣ. ಇವತ್ತು ಸಂಜೆ ಏಳೂವರೆಯ ತನಕ ಅವಳಿಗೊಂದು ಹೆಸರಿತ್ತು, ಈಗ ಇಲ್ಲ.

ಅತ್ತೆ ತಮ್ಮ ಮರಾಠಿ ಧಾರಾವಾಹಿಯ ನಾಯಕಿ ಓಜಸ್ವಿನಿಯ ಹೆಸರನ್ನೇ ಇಡಬೇಕೆಂದು ಹಟ ಹಿಡಿದಿದ್ದರು. ರಾತ್ರಿಯಿಡೀ ಅಳುವ ಕೂಸಿಗೆ ವಾರಕ್ಕೆ ಆರು ದಿನ ಅಳುವವಳ ಹೆಸರೇ ಎಂದು ನಾನು ಒಳಗೊಳಗೇ ಕುದಿಯುತ್ತಿದ್ದೆ. ಇವತ್ತಿನ ಕಂತಿನಲ್ಲಿ ಆ ಪುಣ್ಯಾತ್ಗಿತ್ತಿ ತನ್ನ ಅತ್ತೆಯ ಕೆನ್ನೆಗೆ ಬಾರಿಸಿಬಿಟ್ಟಳು.

ನಮ್ಮತ್ತೆ ಟಿವಿ ಬಂದ್ ಮಾಡಿದರು. “ಬ್ಯಾಡವಾ, ಇಂಥಾ ಹಲ್ಕಟ್ ಹೆಂಗಸಿನ ಹೆಸರು ನಮ್ಮ ಮನ್ಯಾಗ ಬ್ಯಾಡ. ಮುಂಜಾನೆ ಐನಾಪುರದಿಂದ ನಿನ್ನ ನಾದಿನಿ ಬರ್ತಾಳ, ಕೂಸಿನ ಕಿವ್ಯಾಗ ಏನಂತ ಹೇಳ್ಬೇಕ ಆಕಿ? ನೀ ಕೇಳ್ತಿಯಲ್ಲ, ಆ ಧಡಾಧಡಾ ರಾಕ್ ಹಾಡು, ಅದ್ರಾಗ ಯಾರರ ಚಲೋ ಹೆಣ್ಮಗಳು ಅದಾಳೇನು?”

ನನ್ನ ಪ್ರೀತಿಯ ಆಲ್ಬಮ್ಮಿನ ಹಾಡುಗಳ ಹೆಂಗಸರನ್ನೆಲ್ಲ ನೆನಪಿಸಿಕೊಂಡೆ. ಒಬ್ಬಳು ಮದುವೆಯ ದಿನವೇ ಓಡಿಹೋಗಿದ್ದಾಳೆ. ಇನ್ನೊಬ್ಬಳು ಗಂಡನ ಕಾರಿಗೆ ಬೆಂಕಿ ಇಟ್ಟಿದ್ದಾಳೆ. ಮೂರನೆಯವಳ ವಿಷಯ ಅತ್ತೆಗೆ ಹೇಳುವಂತೆಯೇ ಇಲ್ಲ.

“ಇಲ್ರಿ ಅತ್ತಿ, ಅದ್ರಾಗ ಬರೇ ಗಂಡಸರ ಹಾಡು ಅದಾವು” ಅಂದೆ.

ಒಳ್ಳೆಯ ಹೆಸರಿದ್ದರೆ ಬೇಗ ತಿಳಿಸಿ. ಧಾರಾವಾಹಿಯದಾದರೂ ಅಡ್ಡಿಯಿಲ್ಲ, ಆದರೆ ಮುಗಿದುಹೋದ ಧಾರಾವಾಹಿ ಆಗಿರಲಿ. ಅದರ ಸೊಸೆ ಇನ್ನು ಕೆಡಲಾರಳು.