ಸೋತವರಿಗೆ ಮಂಡಕ್ಕಿ

ನಮ್ಮ ಮೊಮ್ಮಗ ಗೆದ್ದಾನ್ರಿ! ಅವ ಅಂದ್ರ ಅವ ಅಲ್ಲ, ಅವ ಆಡಿಸೋ ಮಕ್ಕಳು. ಇವತ್ತು ಮುಂಜಾನಿ ಮಸ್ಕತ್‌ನಾಗ ಫುಟ್‌ಬಾಲ್ ಗೆದ್ದು ಅವನ ಕೋಚ್ ಕೆಲಸ ಉಳಿಸ್ಯಾರ. ಫೋನ್ ಬಂದಾಗ ನಾನು ಬಾಣಲಿ ಮುಂದ ನಿಂತಿದ್ದೆ. ಖುಷಿಯೊಳಗ ಒಂದು ಬಾಣಲಿ ಮಿರ್ಚಿ ಕರಕಲಾದ್ವು. ಆಗ್ಲಿ ಬಿಡ್ರಿ, ಇಂಥಾ ದಿನ ಕರಕಲೂ ರುಚಿನ.

ನಮ್ಮದು ಕೊಟ್ಟೂರಾಗ ಮಂಡಕ್ಕಿ ಮಿರ್ಚಿ ಅಂಗಡಿ. ಹಿಂದ ಒಂದು ಬಯಲು, ಅಲ್ಲೇ ಓಣಿ ಹುಡುಗರ ಚೆಂಡಾಟ. ಆಟ ಮುಗಿದ ಮ್ಯಾಲೆ ಸೋತವರು ಗೆದ್ದವರ ಅಂಗಿ ಹರೀತಿದ್ರು, ಒಗೆದ ಕಲ್ಲು ಮಾತ್ರ ನನ್ನ ಅಂಗಡಿ ತಗಡಿನ ಮ್ಯಾಲೆ ಬೀಳ್ತಿದ್ವು. ನಾನು ಮೂರನೇ ಕ್ಲಾಸಿಗೆ ಶಾಲಿ ಬಿಟ್ಟಾಕಿ. ಆದ್ರ ಕಾಯಿದೆ ಮಾಡಾಕ ಶಾಲಿ ಯಾಕ ಬೇಕು? "ಇವತ್ತಿಂದ ಸೋತವರಿಗೆ ಮಂಡಕ್ಕಿ ನಂದು. ಗೆದ್ದವರು ಬಡಿಸಬೇಕು, ಸೋತವರು ಕುಂತು ತಿನ್ನಬೇಕು" ಅಂದೆ. ಕಲ್ಲು ನಿಂತ್ವು.

ವಾರದಾಗ ಆಟನೂ ನಿಂತಂಗಾತು. ಎರಡೂ ಕಡೆಯವರಿಗೆ ಸೋಲಾಕ ಪೈಪೋಟಿ! ಅದರಾಗ ಮುಂದಾಳು ಯಾರಂದ್ರಿ? ನಮ್ಮ ಮನಿ ಕುಡಿನೇ. ತನ್ನ ಗೋಲಿಗೆ ತಾನೇ ಒದ್ದು, "ಕಾಲು ಜಾರಿತಜ್ಜಿ" ಅಂತ ಬಾಯಿ ಚಪ್ಪರಿಸ್ತಿದ್ದ. ಅದಕ್ಕ ಕಾಯಿದೆಗೆ ಬಾಲ ಕಟ್ಟಿದೆ. ಬಡಿಸೋಕ್ಕಿಂತ ಮುಂಚೆ ಒಬ್ಬೊಬ್ಬರ ಬೆನ್ನು ಮುಟ್ಟಿ ನೋಡ್ತಿದ್ದೆ. ಅಂಗಿ ಬೆವತಿದ್ರ ಮಂಡಕ್ಕಿ, ಒಣಗಿದ್ರ ಬರೇ ಪೇಪರು. ನಮ್ಮವ ಒಮ್ಮೆ ತೊಟ್ಟಿ ನೀರು ಬೆನ್ನಿಗೆ ಹೊಯ್ಕೊಂಡು ಬಂದ. ಮೂಸಿ ನೋಡಿ ಕಿವಿ ಹಿಂಡಿದೆ.

ಹಂಗ ಓಡಿ ಓಡಿ ಅವ ಬಳ್ಳಾರಿ ತಂಡಕ್ಕ ಆಡಿದ. ಬೆಂಗಳೂರಿನ ಒಂದು ತಂಡದವರು ಸಂಬಳ ಕೊಟ್ಟು ಆಡಿಸಿಕೊಂಡ್ರು. ಆಮ್ಯಾಲೆ ಮಣಕಾಲು ಹೋತು. ಇನ್ನು ಆಡಬ್ಯಾಡ ಅಂದ್ರು ಡಾಕ್ಟರು. ಮನಿಗೆ ಬಂದು ಗ್ವಾಡಿ ಕಡೆ ಮಾರಿ ಮಾಡಿ ಮಲಗಿದ. ಬಯಲಾಗ ಚೆಂಡಿನ ಸಪ್ಪಳ ಕೇಳಿದ್ರ ಕಿಟಕಿ ಹಾಕ್ಕೊಂತಿದ್ದ. ಅದನ್ನ ಇನ್ನೊಮ್ಮೆ ನೋಡೋ ಶಕ್ತಿ ನನಗಿಲ್ರಿ. ಕಡೀಗೆ ತಾನೇ ಎದ್ದು, ಕೋಚ್ ಪರೀಕ್ಷೆ ಪಾಸು ಮಾಡಿ, ಸಣ್ಣ ಮಕ್ಕಳಿಗೆ ಕಲಿಸಾಕ ಮಸ್ಕತ್‌ಗೆ ಹೋದ. ಹೋಗುವಾಗ ನನ್ನ ಕಾಯಿದೆನೂ ಒಯ್ದಿದ್ದ, ನನಗ ಹೇಳದಂಗ.

ಹೋದ ತಿಂಗಳು ಫೋನ್ ಮಾಡಿದಾಗ ದನಿ ಸಣ್ಣಗಾಗಿತ್ತು. "ಅಜ್ಜಿ, ಮಕ್ಕಳು ಬರೇ ಸೋಲ್ತಾವ. ಕಡೀ ಆಟನೂ ಸೋತ್ರ ಊರಿಗೆ ಹೋಗು ಅಂದಾರ ಕ್ಲಬ್ಬಿನವರು."

"ಆಡಾಕ ಬರಂಗಿಲ್ಲೇನು ಅವಕ್ಕ?"

"ಚೆಂದ ಬರತೈತಿ. ಆದ್ರ ಗೋಲು ಕಾಯೋ ಹುಡುಗ, ಚೆಂಡು ಬಂದ್ರ ಬೀಗರು ಬಂದಂಗ ದಾರಿ ಬಿಟ್ಟು ನಿಲ್ತಾನ."

ಅಷ್ಟು ದೂರದಿಂದ ನನ್ನ ಮೂಗಿಗೆ ಒಗ್ಗರಣಿ ವಾಸನಿ ಬಡೀತು. "ಆಟ ಮುಗಿದ ಮ್ಯಾಲೆ ತಿನ್ನಾಕ ಏನು ಕೊಡ್ತೀಯೋ?"

"ಅದು... ಅದನ್ಯಾಕ ಕೇಳ್ತಿ ಬಿಡಜ್ಜಿ."

"ಹೇಳಲೇ!"

"ಮಂಡಕ್ಕಿ. ಸೋತವರಿಗೆ. ನಿನ್ನಂಗ ಶೇಂಗಾ, ಪುಠಾಣಿ ಹಾಕಿ..."

ನಕ್ಕು ನಕ್ಕು ಸ್ಟೂಲಿನ ಮ್ಯಾಲೆ ಕುಂತುಬಿಟ್ಟೆ. "ಬೆನ್ನು ಮುಟ್ಟಿ ನೋಡಿದ್ಯೇನೋ?"

"ಅದನ್ನ ಮರ್ತೆ ಅಜ್ಜಿ."

"ನೀರು ಹೊಯ್ಕೊಂಡವ ನೀನೇ ಮರ್ತ್ಯಾ? ಅರ್ಧ ಕಾಯಿದೆ ಒಯ್ದು ಪೂರಾ ಕೆಲಸ ಕಳಕೊಂತೀಯಲೋ!"

"ಇಲ್ಲಿ ಸುಮ್ಮನ ನಿಂತ್ರೂ ಅಂಗಿ ತೊಯ್ತೈತಿ. ಬೆನ್ನು ನೋಡಿದ್ರ ಏನು ಗೊತ್ತಾಗತೈತಿ?"

ಇದೊಂದು ತೊಡಕಾತು. ಗಲ್ಲಾದ ಮುಂದ ಕುಂತಿದ್ದ ನಮ್ಮ ಯಜಮಾನ್ರು ಅಲ್ಲಿಂದಲೇ ಕೂಗಿದ್ರು, "ಮಂಡಕ್ಕಿ ಬಂದ್ ಮಾಡು ಅನ್ನು!" ಮಂಡಕ್ಕಿ ಅಂಗಡಿ ಯಜಮಾನ ಆಡೋ ಮಾತಾ ಇದು? ಮಕ್ಕಳ ಬಾಯಿಂದ ಕಸಿದು ಗೆದ್ರ ಅದು ಯಾವ ಗೆಲುವು?

"ಮಣಕಾಲು ನೋಡಲೇ" ಅಂದೆ. "ಬಿದ್ದೆದ್ದ ಮಣಕಾಲು ಸುಳ್ಳು ಹೇಳಂಗಿಲ್ಲ. ನಿನಗ ಗೊತ್ತಿರಬೇಕು ಅದು."

"ನನ್ನ ಮಣಕಾಲಿಗೇ ಬಂದ್ಯಾ ಅಜ್ಜಿ?" ಅಂದ. ಆಮ್ಯಾಲೆ ನಕ್ಕ. ಆ ನಗು ಕೇಳಿ ನನಗ ಜೀವ ಬಂತು.

ಇವತ್ತು ಆ ಕಡೀ ಆಟ. ಗೋಲು ಕಾಯೋ ಹುಡುಗ ಬಂದ ಚೆಂಡಿಗೂ ಬಿದ್ದನಂತ, ಹೊರಗ ಹೋಗೋ ಚೆಂಡಿಗೂ ಬಿದ್ದನಂತ. ಒಂದನ್ನೂ ಒಳಗ ಬಿಡಲಿಲ್ಲ! ಗೆದ್ದಮ್ಯಾಲೆ ಗೊತ್ತಾತು ಅವಗ, ಮಂಡಕ್ಕಿ ಸೋತ ಆ ಕಡೆ ಮಕ್ಕಳಿಗೆ, ತಾನು ಬಡಿಸಬೇಕು ಅಂತ. ಮೊಮ್ಮಗ ವಿಡಿಯೋ ಹಚ್ಚಿ ಆ ಹುಡುಗನ್ನ ನನಗ ತೋರಿಸಿದ. ಕೈಯಾಗ ಸೌಟು, ಕಣ್ಣಾಗ ನೀರು, ಮಣಕಾಲು ಕೆಂಪಗ. ಅವನ ಮಾತು ನನಗ ತಿಳೀಲಿಲ್ಲ, ಹಸಿವು ತಿಳೀತು.

"ಬಡಿಸಿದವರಿಗೂ ಒಂದು ಮುಷ್ಟಿ ಅಂತ ಸೇರಿಸಲೇ ಕಾಯಿದೆಗೆ! ಮೊದಲು ಅವಗ ಹಾಕು!" ಅಂತ ಇಲ್ಲಿಂದಲೇ ಒದರಿದೆ.

ಸಂಜಿಗೆ ಅಂಗಡಿ ಬಾಗಿಲು ಎಳದು, ಮಗ, ಸೊಸಿ, ಮೊಮ್ಮಗಳು, ಯಜಮಾನ್ರು ಎಲ್ಲಾರೂ ನಡುಮನಿಯಾಗ ಪೇಪರ್ ಹಾಸ್ಕೊಂಡು ಕುಂತ್ವಿ. ಫೋನನ್ನ ತಂಬಿಗಿಗೆ ಆನಿಸಿ ಇಟ್ವಿ. ಅದರಾಗ ನಮ್ಮ ಕೋಚೂ ತಾಟು ಹಿಡ್ಕೊಂಡು ಕುಂತಿದ್ದ. ನಾನು ಇನ್ನೇನು ಕೈ ಹಾಕಬೇಕು, ಸೊಸಿ ತಡೆದ್ಲು.

"ಅತ್ತಿ, ಇವತ್ತು ಗೆದ್ದಾಕಿ ನೀವು. ಏಳ್ರಿ, ಬಡಿಸ್ರಿ."

ನನ್ನ ಕಾಯಿದೆ ನನ್ನ ಮ್ಯಾಲೇ! ಎದ್ದೆ. ಮೊದಲು ಯಜಮಾನ್ರ ಬೆನ್ನು ಮುಟ್ಟಿದೆ. ದಿನಪೂರ್ತಿ ಫ್ಯಾನಿನ ಕೆಳಗ ಕುಂತ ಬೆನ್ನು, ಹಪ್ಪಳದಂಗ ಒಣಗಿತ್ತು.

"ಹಂಗಾರ ಮಣಕಾಲು ತೋರಿಸ್ಲೇನು?" ಅಂತ ಪಂಚಿಗೆ ಕೈ ಹಾಕಿದ್ರು.

"ಬ್ಯಾಡ್ರೀ, ಫೋನ್ ಚಾಲೂ ಐತಿ!" ಅಂತ ಎಲ್ಲಾರೂ ಚೀರಿದ್ವಿ. ಅವಸರಕ್ಕ ಮುಂಜಾನಿ ಕರಕಲ ಮಿರ್ಚಿ ಅಷ್ಟೂ ಅವರ ಮುಂದನೇ ಸುರುವಿದೆ. ಕರುಂ ಕುರುಂ ಅಂತ ತಿಂದು, ಇನ್ನೆರಡು ಹಾಕು ಅಂದ್ರು.