ಮೈನೆರೆಯದೆ ಹಸೆಗೆ ಕೂತೆ

ನನ್ನ ಕಾಯಿಲೆಗೆ ನೋವಿರಲಿಲ್ಲ, ಜ್ವರವಿರಲಿಲ್ಲ. ಆಗಬೇಕಾದದ್ದು ಆಗಲಿಲ್ಲ, ಅಷ್ಟೇ.

ಹೊಸಕೆರೆಹಳ್ಳಿಯಲ್ಲಿ ನನ್ನ ಓರಗೆಯ ಹುಡುಗಿಯರೆಲ್ಲ ಒಬ್ಬೊಬ್ಬರಾಗಿ ಮೈನೆರೆದರು. ನಾನು ಹೈಸ್ಕೂಲಿಗೆ ಹೋದರೂ ಮಿಡ್ಲ್ ಸ್ಕೂಲಿನ ಲಂಗದಲ್ಲೇ ಇದ್ದೆ. ಅದರ ಮಡಿಕೆ ಬಿಚ್ಚಿ ಉದ್ದ ಮಾಡುವ ಕೆಲಸ ಅಮ್ಮನಿಗೆ ಬೀಳಲೇ ಇಲ್ಲ.

ಆಮೇಲೆ ನನಗಿಂತ ಚಿಕ್ಕವಳಾದ ತಂಗಿ ಶಾರದೆ ದೊಡ್ಡವಳಾದಳು.

ಮನೆಯಲ್ಲಿ ಸಂಭ್ರಮದ ಬದಲು ಗುಸುಗುಸು ಶುರುವಾಯಿತು. ಅಕ್ಕನನ್ನು ಬಿಟ್ಟು ತಂಗಿಗೆ ಆರತಿ ಮಾಡಿದರೆ ಊರವರ ಬಾಯಿ ಮುಚ್ಚಿಸುವವರು ಯಾರು? ಕೊನೆಗೆ ಅಜ್ಜಿಯೇ ತೀರ್ಮಾನ ಕೊಟ್ಟಳು.

"ಇಬ್ರನ್ನೂ ಒಟ್ಗೇ ಕೂರ್ಸಿ. ಊರಿಗೆ ಬಂದೋಳು ನೀರಿಗೆ ಬರದೆ ಇರ್ತಾಳಾ? ಇವತ್ತಲ್ಲ ನಾಳೆ ಆಯ್ತಾಳೆ ಬಿಡು."

ಸೋದರಮಾವ ಅಂಗಳದಲ್ಲಿ ಹಸಿ ಸೊಪ್ಪಿನ ಗುಡ್ಲು ಹಾಕಿದ. ಇಬ್ಬರು ಹಿಡಿಸಬೇಕೆಂದು ಸ್ವಲ್ಪ ದೊಡ್ಡದಾಗಿಯೇ ಹಾಕಿದ. ನಮ್ಮಿಬ್ಬರನ್ನೂ ಹಸೆಗೆ ಕೂರಿಸಿ ಆರತಿ ಎತ್ತಿದರು. ಮಡಿಲಿಗೆ ಕೊಬ್ಬರಿ, ಬಾಯಿಗೆ ಎಳ್ಳು ಬೆಲ್ಲ ಕುಟ್ಟಿದ ಚಿಗಳಿ. ಚಿಗಳಿ ಎಂದರೆ ನನಗೆ ಪ್ರಾಣ. ಆಸೆಯಿಂದ ತಿಂದೆ. ನಾಚಿಕೆಯಾದದ್ದು ತಿಂದು ಮುಗಿಸಿದ ಮೇಲೆ.

ಸುಳ್ಳನ್ನು ಒಂದು ದಿನ ಹೇಳಿಬಿಡಬಹುದು. ತಿಂಗಳು ತಿಂಗಳು ಅದನ್ನು ನಡೆಸಿಕೊಂಡು ಹೋಗುವುದು ಬೇರೆಯದೇ ಕಷ್ಟ. ದೊಡ್ಡವಳಾದ ಹುಡುಗಿ ತಿಂಗಳಿಗೊಮ್ಮೆ ಹೊರಗೆ ಕೂರದಿದ್ದರೆ ನೀರಿಗೆ ಬರುವ ಹೆಂಗಸರು ಸುಮ್ಮನಿರುತ್ತಾರೆಯೇ? ಅಮ್ಮ ಕ್ಯಾಲೆಂಡರ್ ನೋಡಿ, "ನಾಳೆಯಿಂದ ನೀನು ಹೊರಗೆ ಕಣೇ" ಎನ್ನುತ್ತಿದ್ದಳು. ಹಿತ್ತಲ ಜಗಲಿ, ಬೇರೆ ಚಾಪೆ, ಬೇರೆ ತಟ್ಟೆ. ಶಾರದೆ ತನ್ನ ಸರದಿ ಬಂದಾಗ ಹೊಟ್ಟೆ ಹಿಡಿದುಕೊಂಡು ಎಲ್ಲರನ್ನೂ ಬೈಯುತ್ತಿದ್ದಳು. ನನಗೆ ಅವಳ ಹೊಟ್ಟೆನೋವಿನ ಮೇಲೂ ಹೊಟ್ಟೆಕಿಚ್ಚು. ನನಗೆ ಏನೂ ಆಗಿರಲಿಲ್ಲ, ಆದರೂ ಯಾರೂ ಮುಟ್ಟುತ್ತಿರಲಿಲ್ಲ. ಕೆರೆಯ ಕಡೆ ಹೋಗುವ ಎಮ್ಮೆಗಳನ್ನು ನೋಡುತ್ತ ಕೂತಿರುತ್ತಿದ್ದೆ. ಅಂಥ ಒಂಟಿತನ ಆಮೇಲೆ ಆಸ್ಪತ್ರೆಯಲ್ಲೂ ನನಗೆ ಬರಲಿಲ್ಲ.

ಎಸ್ಸೆಸ್ಸೆಲ್ಸಿ ಮುಗಿದಾಗ ಚಿಕ್ಕಲಸಂದ್ರದಿಂದ ಸಂಬಂಧದ ಮಾತು ಬಂತು. ಹುಡುಗಿ ಕುಳ್ಳಿ, ಒಮ್ಮೆ ಡಾಕ್ಟರಿಗೆ ತೋರಿಸಿ ಎಂದರಂತೆ. ಅಮ್ಮ ನನ್ನನ್ನು ಜಯನಗರದ ಒಬ್ಬ ಲೇಡಿ ಡಾಕ್ಟರ ಬಳಿ ಕರೆದುಕೊಂಡು ಹೋದಳು.

"ಪೀರಿಯಡ್ಸ್ ಸರಿಯಾಗಿ ಆಗ್ತಿದೆಯೇನಮ್ಮ?"

"ಹೂಂ ಡಾಕ್ಟ್ರೇ, ತಿಂಗ್ಳು ತಿಂಗ್ಳೂ ತಪ್ಪದೆ ಹೊರಗೆ ಕೂರ್ತಾಳೆ," ಎಂದಳು ಅಮ್ಮ. ಮೋಸ ಮಾಡುವ ಉದ್ದೇಶ ಅವಳಿಗಿರಲಿಲ್ಲ. ಆ ಮಾತು ಅವಳಿಗೆ ಅಷ್ಟು ರೂಢಿಯಾಗಿಹೋಗಿತ್ತು.

"ನಂಗೆ ಒಂದ್ಸಲಾನೂ ಆಗಿಲ್ಲ," ಎಂದೆ.

ಡಾಕ್ಟರು ಬರೆಯುವುದನ್ನು ನಿಲ್ಲಿಸಿದರು. ಬ್ಲಡ್ ಟೆಸ್ಟ್ ಆಯಿತು. ಮಣಿಕಟ್ಟಿನ ಎಕ್ಸ್-ರೇ ಆಯಿತು. ಕ್ರೋಮೋಸೋಮ್ ಟೆಸ್ಟಿನ ರಿಪೋರ್ಟಿಗೆ ಬಹಳ ದಿನ ಕಾದೆವು. ಎರಡು ಎಕ್ಸ್ ಕ್ರೋಮೋಸೋಮ್ ಇರಬೇಕಾದ ಕಡೆ ನನಗೆ ಒಂದೇ ಇದೆಯಂತೆ. ಅದರಿಂದ ಅಂಡಾಶಯ ಬೆಳೆದೇ ಇಲ್ಲ. ದೊಡ್ಡವಳಾಗು ಎಂದು ಮೆದುಳು ಹಾರ್ಮೋನ್ ಕಳಿಸುತ್ತಲೇ ಇದೆ, ಅದಕ್ಕೆ ಓಗೊಡುವ ಅಂಡಾಶಯ ಇಲ್ಲ.

ಮಕ್ಕಳಾಗುವುದಿಲ್ಲ.

ಡಾಕ್ಟರು ನಿಧಾನವಾಗಿ ಬಿಡಿಸಿ ಹೇಳಿದರು. ಹಾರ್ಮೋನ್ ಮಾತ್ರೆ ಕೊಟ್ಟರೆ ಮೈ ತುಂಬಿಕೊಳ್ಳುತ್ತದೆ, ತಿಂಗಳ ಸ್ರಾವವೂ ಬರುತ್ತದೆ. ಮೂಳೆ ಗಟ್ಟಿಯಾಗಲು ಎಂದಾದರೂ ಅದನ್ನು ತೆಗೆದುಕೊಳ್ಳಲೇಬೇಕು. ಆದರೆ ಮೂಳೆಯ ತುದಿಗಳು ಇನ್ನೂ ಕೂಡಿಕೊಂಡಿಲ್ಲ. ಈಗಲೇ ಜೋರಾಗಿ ಕೊಟ್ಟರೆ ಬೇಗ ಕೂಡಿಕೊಂಡು ಎತ್ತರ ಅಲ್ಲಿಗೇ ನಿಲ್ಲುತ್ತದೆ. ಒಂದು ವರ್ಷ ಕಾದು, ಸ್ವಲ್ಪಸ್ವಲ್ಪವೇ ಶುರುಮಾಡುವುದು ಒಳ್ಳೆಯದು.

"ಇವತ್ತೇ ಕೊಡಿ ಡಾಕ್ಟ್ರೇ," ಎಂದಳು ಅಮ್ಮ. "ಶ್ರಾವಣದಲ್ಲಿ ಗಂಡಿನ ಕಡೆಯೋರು ಬರ್ತಾರೆ. ಮಕ್ಕಳ ವಿಷ್ಯ ಮದ್ವೆ ಆದ್ಮೇಲೆ ನೋಡ್ಕೊಂಡ್ರಾಯ್ತು."

ಡಾಕ್ಟರು ನನ್ನ ಕಡೆ ತಿರುಗಿದರು. "ಮಾತ್ರೆ ನುಂಗೋಳು ನೀನು. ನಿಂಗೇನು ಬೇಕು, ಹೇಳು."

ಅಳು ಬಂತು. ನನ್ನ ಮೈಯ ಬಗ್ಗೆ ಅಜ್ಜಿ ತೀರ್ಮಾನ ಮಾಡಿದ್ದಳು, ಅಮ್ಮ ದಿನ ಗೊತ್ತುಮಾಡಿದ್ದಳು, ಕಂಡು ಕೇಳರಿಯದ ಚಿಕ್ಕಲಸಂದ್ರದವರು ಸಹ ಎತ್ತರ ಅಳೆದಿದ್ದರು. ನನ್ನನ್ನು ಕೇಳಿದವರು ಇವರೊಬ್ಬರೇ. ಮಾತ್ರೆಯಿಂದ ಬರುವ ಪ್ರಾಯ ನನ್ನದೇ ಆಗುತ್ತದೆಯೋ ಇಲ್ಲವೋ ನನಗೆ ತಿಳಿಯದು, ಇವತ್ತಿಗೂ ತಿಳಿಯದು. ಆದರೆ ಅದು ಒಂದು ಮದುವೆಯ ಗಡುವಿಗೆ ಬರುವುದು ಬೇಡ ಎನ್ನುವುದು ಮಾತ್ರ ಖಚಿತವಾಗಿತ್ತು.

"ಕಾಯ್ತೀನಿ," ಎಂದೆ. "ಗಂಡಿನ ಕಡೆಯೋರ್ಗೂ ನಿಜ ಹೇಳ್ಬಿಡಿ."

ಅಪ್ಪ ಹೋಗಿ ಹೇಳಿ ಬಂದ. ಚಿಕ್ಕಲಸಂದ್ರದವರು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಮನೆಯ ಮಾನ ಹರಾಜು ಹಾಕಿದೆ ಎಂದು ಅಜ್ಜಿ ನನ್ನ ಜೊತೆ ಮಾತು ಬಿಟ್ಟಳು. ಗುಟ್ಟು ರಟ್ಟಾದ ಮೇಲೆ ಜಗಲಿಯ ನಾಟಕವೂ ನಿಂತಿತು. ಒಳಗೇ ಇರುತ್ತಿದ್ದೆ, ಆದರೆ ನಾನು ಬಂದ ಕೂಡಲೇ ಮಾತು ನಿಂತುಹೋಗುತ್ತಿತ್ತು. ರಾತ್ರಿ ಪಕ್ಕದಲ್ಲಿ ಮಲಗುವ ಶಾರದೆಯೂ ಏನು ಕೇಳಬೇಕೆಂದು ಗೊತ್ತಾಗದೆ ಗೋಡೆ ಕಡೆ ತಿರುಗಿಕೊಳ್ಳುತ್ತಿದ್ದಳು. ಆ ವರ್ಷ ನಾನು ಎರಡು ಬೆರಳು ಉದ್ದವಾದೆ. ನಗಬೇಡಿ, ನನಗೆ ಅದು ದೊಡ್ಡದು.

ಆಮೇಲೆ ಮಾತ್ರೆ ಶುರುವಾಯಿತು. ತಲೆನೋವು, ವಾಕರಿಕೆ, ಕಾರಣವಿಲ್ಲದ ಸಿಟ್ಟು. ಹೋದ ತಿಂಗಳು ಒಂದು ಬೆಳಿಗ್ಗೆ ಸ್ರಾವ ಕಾಣಿಸಿಕೊಂಡಿತು. ಖುಷಿಯಾಗಲಿಲ್ಲ, ದುಃಖವೂ ಆಗಲಿಲ್ಲ. ಅಡುಗೆಮನೆಗೆ ಹೋಗಿ ಅಮ್ಮನಿಗೆ ಹೇಳಿದೆ. ಅಮ್ಮನ ಕಣ್ಣು ತುಂಬಿತು. ಕಣ್ಣೊರೆಸಿಕೊಳ್ಳುತ್ತಲೇ ಹಿತ್ತಲ ಬಾಗಿಲ ಕಡೆ ಕೈ ತೋರಿಸಿದಳು.

"ಇಲ್ದೇ ಇದ್ದಾಗ ಅಷ್ಟು ವರ್ಷ ಕೂತಿದ್ದೀನಲ್ಲಮ್ಮ," ಎಂದೆ. "ಈಗ ಕೂರಲ್ಲ."

ಅಮ್ಮ ಕೈ ಕೆಳಗಿಳಿಸಿದಳು. ಆಮೇಲೆ ಸೊಪ್ಪಿನ ಮೊರವನ್ನು ನನ್ನ ಕಡೆ ತಳ್ಳಿ, "ಕಡ್ಡಿ ನೋಡ್ಕೊಂಡು ಬಿಡ್ಸು," ಎಂದಳು.