ಲಾಸಾದ ನಾಯಿಯ ಕೂದಲು

ಹುಬ್ಬಳ್ಳಿಯ ರೈಲ್ವೆ ಸಾಹೇಬರು ವಿಲಾಯತಿಗೆ ಹೊರಟಾಗ ಅವರ ಹೆಂಡತಿಯ ನಾಯಿ ನಮ್ಮ ಮನೆಗೆ ಬಂತು. ಅಲ್ಲಿ ಹೊರದೇಶದ ನಾಯಿಗಳನ್ನು ತಿಂಗಳುಗಟ್ಟಲೆ ಕೂಡಿಹಾಕುತ್ತಾರಂತೆ. ಮುದಿ ಜೀವ ತಾಳಲಾರದು ಎಂದು ಆಕೆ ಅತ್ತು, ಆಫೀಸಿನ ಕಾರಕೂನರಾಗಿದ್ದ ನನ್ನ ತಂದೆಯ ಕೈಗೆ ಅದರ ಹಗ್ಗ ಕೊಟ್ಟಳು. ತಂದೆಗೆ ಸಾಹೇಬರ ಮುಂದೆ ಇಲ್ಲ ಅನ್ನಲು ಬಾಯಿ ಬರುತ್ತಿರಲಿಲ್ಲ.

ನಮ್ಮದು ಮಡಿಯ ಮನೆ. ಅಜ್ಜಿ ಬಾಗಿಲಲ್ಲೇ ತಡೆದಳು.

“ಲಾಸಾದ ಜಾತಿ ಅದ ಅವ್ವಾ. ಟಿಬೆಟ್ಟದ ಮಠದಾಗ ಸನ್ಯಾಸಿಗಳ ಹತ್ರ ಇರ್ತದಂತ,” ಅಂದರು ತಂದೆ.

ಅಜ್ಜಿ ವಿಚಾರ ಮಾಡಿದಳು. ಮಠದ್ದಾದರೆ ಒಂದಿಷ್ಟು ಆಚಾರ ಗೊತ್ತಿರಲೇಬೇಕು. ಹಿತ್ತಲಲ್ಲಿರಲಿ ಎಂದಳು. ಆ ಸನ್ಯಾಸಿಗಳು ಏನು ಉಣ್ಣುತ್ತಾರೆಂದು ಅವಳು ಕೇಳಲಿಲ್ಲ, ತಂದೆ ಹೇಳಲಿಲ್ಲ.

ನಾಯಿ ಮೊಣಕಾಲೆತ್ತರವೂ ಇರಲಿಲ್ಲ. ಬೆಲ್ಲದ ಬಣ್ಣದ ಕೂದಲು ನೆಲ ಗುಡಿಸುತ್ತಿತ್ತು. ದಿನಾ ಬುಡದಿಂದ ಬಾಚದಿದ್ದರೆ ಗಂಟು ಬೀಳುತ್ತಿತ್ತು. ಮೈ ತೊಳೆದ ಮೇಲೆ ತೇವ ಉಳಿದರೆ ತೊಗಲು ಕೆಡುತ್ತಿತ್ತು. ಕಣ್ಣ ಮೇಲಿನದನ್ನು ಎತ್ತಿ ಜುಟ್ಟು ಕಟ್ಟಬೇಕಿತ್ತು. ಈ ಚಾಕರಿ ಹಿಡಿದವಳು ನನ್ನ ಸೋದರತ್ತೆ. ಹುಡುಗಿಯಾಗಿದ್ದಾಗಲೇ ಗಂಡನನ್ನು ಕಳಕೊಂಡು ತವರಿಗೆ ಬಂದವಳು. ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ದರು. ಬೋಳಿಸಿದ ತಲೆಯಿದ್ದರೇ ವಿಧವೆಗೆ ದೇವರ ಅಡಿಗೆ ಮಾಡುವ ಅಧಿಕಾರ. ಸಂಜೆ ಮಡಿ ಬಿಟ್ಟ ಮೇಲೆ ಹಿತ್ತಲ ಕಟ್ಟೆಯಲ್ಲಿ ಕೂತು ಅವಳು ನಾಯಿಯ ಕೂದಲನ್ನು ಒಂದೊಂದೇ ಎಳೆ ಬಿಡಿಸುತ್ತಿದ್ದಳು. ಮುಂಜಾನೆ ಹೇಗೂ ತಣ್ಣೀರ ಸ್ನಾನವಿತ್ತು. ಅಜ್ಜಿ ಕಂಡೂ ಕಾಣದಂತಿದ್ದಳು.

ಬೇಸಿಗೆ ಬಂತು. ನಾಯಿ ನಾಲಿಗೆ ಚಾಚಿ ಏದುಸಿರು ಬಿಡತೊಡಗಿತು, ಮೈತುಂಬ ಉಣ್ಣಿ. ಅತ್ತೆಯ ತಲೆ ಬೋಳಿಸಲು ಕ್ಷೌರದವ ಬಂದ ದಿನ ಅಜ್ಜಿ, “ಆಕೀದು ಆದ ಮ್ಯಾಲ ನಾಯೀದೂ ತಗದು ಬಿಡಪಾ,” ಅಂದಳು.

ಮಣೆಯ ಮೇಲೆ ಕೂತಿದ್ದ ಅತ್ತೆ, “ಅದರದು ಬ್ಯಾಡ,” ಅಂದಳು.

“ಯಾಕ? ಕೂದಲಾ ಮತ್ತ ಬೆಳೀತಾವಲ್ಲ.”

“ನನ್ನವೂ ಬೆಳೀತಾವ ಅವ್ವಾ. ಬಿಟ್ರ.”

ಅತ್ತೆ ಮಣೆಯಿಂದ ಎದ್ದಳು. ತಂದೆ ಕ್ಷೌರದವನಿಗೆ ಹೋಗು ಎಂದರು. ನಾನು ಕಂಡಂತೆ ಅವರು ಜೀವಮಾನದಲ್ಲಿ ತೋರಿದ ಧೈರ್ಯ ಅದೊಂದೇ.

ಮರುದಿನದಿಂದ ಅಜ್ಜಿ ತನ್ನ ಒಲೆ ಬೇರೆ ಹೂಡಿದಳು. ಕೂದಲು ಬಿಟ್ಟವಳ ಕೈಯ ನೀರು ದೇವರಿಗೂ ನಡೆಯದು, ತನಗೂ ನಡೆಯದು ಎಂದಳು. ಅತ್ತೆಗೆ ಸಂಕಟವಾಯಿತು. ಹೆತ್ತ ತಾಯಿಗೆ ಒಂದು ತುತ್ತು ಬಡಿಸುವ ಹಾಗಿರಲಿಲ್ಲ. ಆದರೂ ಅವಳು ಮತ್ತೆ ಮಣೆಯ ಮೇಲೆ ಕೂಡಲಿಲ್ಲ.

ದೀಪಾವಳಿಯ ಹೊತ್ತಿಗೆ ಅವಳ ಕೂದಲು ಕಿವಿ ಮುಚ್ಚಿತ್ತು. ಒಂದು ಮುಂಜಾನೆ ನನ್ನ ತಾಯಿಯ ಮುಂದೆ ಬೆನ್ನು ಮಾಡಿ ಕೂತು ಕೇಳಿದಳು: “ವೈನಿ, ಸಣ್ಣಾಕಿ ಇದ್ದಾಗ ನನ್ನ ಬೈತಲಿ ಯಾವ ಕಡೆ ಇತ್ತು?”

ತಾಯಿಗೆ ನೆನಪಿರಲಿಲ್ಲ. ಒಳಗೆ ಕೂತಿದ್ದ ಅಜ್ಜಿಗೆ ಗೊತ್ತಿತ್ತು. ಅವಳು ಹೇಳಲಿಲ್ಲ.